ಧಾಟಿ ಬದಲಾದರೆ ಹಾಡು ಪರರದಾಗುತ್ತದೆಯೇ?

"ಹಾಗಾದರೆ ಉಳಿದ ಎರಡೂ ನಕಲು, ಅಲ್ಲವೇ?" ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದಾಗ ಚುರುಕ್ಕೆಂದಿತು. ಅವರಿಗೆ ನೋಯಿಸುವ ಉದ್ದೇಶವಿರಲಿಲ್ಲ. ಅದಕ್ಕೇ ಇನ್ನಷ್ಟು ನಾಟಿತು.

ನಾನಿರುವುದು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ. ಆರ್ಕ್ಟಿಕ್ ಮಂಕೀಸ್ ಹುಟ್ಟಿದ್ದು ಇದೇ ಊರಿನಲ್ಲಿ. ಇಲ್ಲಿಯವರ ಪಾಲಿಗೆ ಅವರು ಜಗತ್ಪ್ರಸಿದ್ಧ ರಾಕ್ ಬ್ಯಾಂಡ್ ಆಗುವುದಕ್ಕೆ ಮೊದಲು ಓಣಿಯ ಹುಡುಗರು. ಊಟದ ಬಿಡುವಿನಲ್ಲಿ ಎಂದಿನಂತೆ ಬ್ಯಾಂಡ್ ಕೆಟ್ಟಿತೋ ಬೆಳೆಯಿತೋ ಎಂಬ ವಾದ ಎದ್ದಿತ್ತು. ನಾನು ಮಾತಿನ ಭರದಲ್ಲಿ ಮೊಬೈಲ್ ತೆಗೆದು ಶಿಶುನಾಳ ಷರೀಫರ 'ಸೋರುತಿಹುದು ಮನೆಯ ಮಾಳಿಗೆ'ಯನ್ನು ಮೂರು ಬಗೆಯಲ್ಲಿ ಕೇಳಿಸಿದೆ: ಸಿ. ಅಶ್ವಥ್ ಹಾಡಿದ್ದು, ರಘು ದೀಕ್ಷಿತ್ ಹಾಡಿದ್ದು, ಹಾವೇರಿ ಕಡೆಯ ಊರಿನಿಂದ ನಮ್ಮ ಕಾಕಾ ಕಳುಹಿಸಿದ ಭಜನಾ ಮೇಳದ್ದು. ಸಹೋದ್ಯೋಗಿ ಕಣ್ಣು ಮುಚ್ಚಿ ಕೇಳಿದರು. ಯಾವುದು ಅಸಲಿ ಎಂದರು. ಮೂರೂ ಎಂದೆ. ಬರೆದವರೇ ಹಾಡಿದ ರೆಕಾರ್ಡ್ ಇಲ್ಲವೇ ಎಂದರು. ಷರೀಫರು ತೀರಿಕೊಂಡಿದ್ದು 1889ರಲ್ಲಿ ಎಂದೆ. ಹಾಗಿದ್ದರೆ ಭಜನೆಯವರದೇ ಹಳೆಯದಿರಬೇಕು ಎಂದು ತಮ್ಮಷ್ಟಕ್ಕೆ ತೀರ್ಮಾನಿಸಿ ಆ ಮಾತು ಆಡಿದರು.

ಅಶ್ವಥ್ ಹಾಡಿದ್ದು ನಕಲೇ? ನಮ್ಮಲ್ಲಿ ಯಾರಿಗಾದರೂ ಹೀಗೊಂದು ಪ್ರಶ್ನೆ ಹೊಳೆದದ್ದುಂಟೇ?

ಇವರ ವಾದದ ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. ಆರ್ಕ್ಟಿಕ್ ಮಂಕೀಸ್ ಹುಡುಗರು 2003ರಲ್ಲಿ ನಗರದ ಒಂದು ಪಬ್ಬಿನಲ್ಲಿ ಮೊದಲ ಬಾರಿಗೆ ನುಡಿಸಿದರು. ಆರಂಭದ ಕಾರ್ಯಕ್ರಮಗಳಲ್ಲಿ ತಮ್ಮ ಡೆಮೊ ಸಿಡಿಗಳನ್ನು ಪುಕ್ಕಟೆ ಹಂಚಿದರು. ಕೇಳುಗರೇ ಅವನ್ನು ಇಂಟರ್ನೆಟ್ಟಿನಲ್ಲಿ ಕೈಯಿಂದ ಕೈಗೆ ದಾಟಿಸಿದರು. 2005ರ ಅಕ್ಟೋಬರಿನಲ್ಲಿ ಬಂದ ಸಿಂಗಲ್ (ಬಿಡಿ ಹಾಡು) ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ನೇರ ಮೊದಲ ಸ್ಥಾನಕ್ಕೆ ಏರಿತು. 2006ರ ಜನವರಿಯ ಮೊದಲ ಆಲ್ಬಂ ಒಂದೇ ವಾರದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಆ ಹಾಡುಗಳಲ್ಲಿ ಗಿಟಾರೂ ಡ್ರಮ್ಮೂ ಒಟ್ಟಿಗೆ ನುಗ್ಗುತ್ತವೆ, ಮಾತು ಉಸಿರು ಬಿಡದೆ ಓಡುತ್ತದೆ. 2009ರಲ್ಲಿ ಅಮೆರಿಕದ ಮರುಭೂಮಿಗೆ ಹೋಗಿ ಅಲ್ಲಿಯ ರಾಕ್ ಸಂಗೀತಗಾರ ಜಾಶ್ ಹೋಮಿ ಜೊತೆ ಮಾಡಿದ ಆಲ್ಬಂ ನಿಧಾನವೂ ಗಾಢವೂ ಆಯಿತು. ಅಭಿಮಾನಿಗಳು ಮೊದಲ ಸಲ ಇಬ್ಭಾಗವಾದರು. 2013ರ ಆಲ್ಬಂ ಎಲ್ಲರನ್ನೂ ಮತ್ತೆ ಒಂದುಗೂಡಿಸಿತು. 2018ರಲ್ಲಿ ಬ್ಯಾಂಡಿನ ಗಾಯಕ ಅಲೆಕ್ಸ್ ಟರ್ನರ್ ಪಿಯಾನೊ ಮುಂದೆ ಕುಳಿತು ಬರೆದ ಹಾಡುಗಳು ಬಂದಾಗ ಮತ್ತೆ ಒಡೆದರು.

ನಾನು ಕಂಡ ದೊಡ್ಡ ಜಗಳವೆಂದರೆ 2022ರ ಆಗಸ್ಟ್ ಕೊನೆಗೆ ಬಂದ ಸಿಂಗಲ್‌ನದು. ಹಾಡು ಆರಂಭವಾಗುವುದೇ ಪಿಯಾನೊ ಮತ್ತು ತಂತಿವಾದ್ಯಗಳಿಂದ. ದನಿ ಬರುವವರೆಗೆ ತಾಳ್ಮೆಯಿಂದ ಕಾಯಬೇಕು. ಬಂದಾಗಲೂ ಅದು ಹಳೆಯ ಕಾಲದ ಭಾವಗಾಯಕನೊಬ್ಬ ತಡರಾತ್ರಿ ಮೆಲ್ಲಗೆ ಹಾಡಿದಂತೆ ಬರುತ್ತದೆ. ನನಗೆ ಮೊದಲ ಕೇಳುವಿಕೆಯಲ್ಲೇ ಹಿಡಿಸಿತು. ಕಚೇರಿಯಲ್ಲಿ ಮಾತ್ರ ಸೂತಕದ ಮುಖಗಳು. ಗಿಟಾರ್ ಎಲ್ಲಿ ಹೋಯಿತು ಎಂದು ಒಬ್ಬರು. ಇದು ಆ ಬ್ಯಾಂಡ್ ಅಲ್ಲವೇ ಅಲ್ಲ, ಹೆಸರು ಬದಲಿಸಿಕೊಳ್ಳಲಿ ಎಂದು ಇನ್ನೊಬ್ಬರು. ಹದಿನೆಂಟರ ಹುಡುಗರು ಮೂವತ್ತಾರರಲ್ಲೂ ಹಾಗೆಯೇ ಹಾಡಬೇಕೇ ಎಂದು ಪ್ರತಿವಾದ. ಯಾರೂ ಹಾಡಿನ ಮಾತಿನ ಬಗ್ಗೆ, ಅದರ ಅರ್ಥದ ಬಗ್ಗೆ ತುಟಿ ಬಿಚ್ಚಲಿಲ್ಲ. ನನಗೆ ಅದೇ ಸೋಜಿಗ.

ನಮ್ಮಲ್ಲಿ ಹಾಡೆಂದರೆ ಮೊದಲು ಪದ. 'ಭಾಗ್ಯದಾ ಲಕ್ಷ್ಮೀ ಬಾರಮ್ಮ'ವನ್ನು ಅವ್ವ ಶುಕ್ರವಾರ ಹಾಡುತ್ತಿದ್ದ ಧಾಟಿಯೇ ಬೇರೆ. ಸಂಗೀತ ಕಲಿತ ಪಕ್ಕದ ಮನೆಯ ಅಕ್ಕ ಮಧ್ಯಮಾವತಿಯಲ್ಲಿ ಹಾಡುತ್ತಿದ್ದರು. ಭೀಮಸೇನ ಜೋಶಿಯವರ ಕ್ಯಾಸೆಟ್ಟು ಹಾಕಿದರೆ ಅದೇ ಪದ ಬೇರೊಂದು ಲೋಕದಿಂದ ಇಳಿದು ಬಂದಂತೆ ಇರುತ್ತಿತ್ತು. ಮೂರನ್ನೂ ಒಂದೇ ಮನೆಯಲ್ಲಿ, ಒಂದೇ ಹಬ್ಬದ ದಿನ ಕೇಳಿ ಬೆಳೆದವರು ನಾವು. ಪುರಂದರದಾಸರು ಯಾವ ಧಾಟಿಯಲ್ಲಿ ಹಾಡಿದ್ದರೋ ಎಂಬ ಚಿಂತೆ ಅವ್ವನಿಗೆ ಇರಲಿಲ್ಲ. ಅಕ್ಕನಿಗೆ ಇದ್ದರೂ ಅದಕ್ಕಾಗಿ ಅವ್ವನ ಹಾಡನ್ನು ಸುಳ್ಳು ಎನ್ನಲಿಲ್ಲ. ವಚನಗಳೂ ಹಾಗೆಯೇ, ತತ್ವಪದಗಳೂ ಹಾಗೆಯೇ. ಯಾರ ಕೊರಳಿಗೆ ಬಂದರೆ ಅವರ ಧಾಟಿ.

ಷರೀಫರ ವಿಷಯದಲ್ಲಿ ಇದು ಇನ್ನೂ ಮುಂದೆ ಹೋಗಿದೆ. ಏಕತಾರಿ, ತಾಳ ಹಿಡಿದು ಹಾಡುತ್ತಿದ್ದ ಪದಗಳನ್ನು ಅಶ್ವಥ್ ತಮ್ಮ ಸಿಡಿಲಿನ ಕಂಠಕ್ಕೆ ಹೊಂದಿಸಿಕೊಂಡು ನಾಡಿನ ತುಂಬ ಹಬ್ಬಿಸಿದರು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರ 'ಅಂತರಾಗ್ನಿ' ಆಲ್ಬಂನಲ್ಲಿ ಅವೇ ಪದಗಳನ್ನು ಗಿಟಾರಿಗೆ ಒಪ್ಪಿಸಿದರು. 2011ರಲ್ಲಿ ಇಂಗ್ಲೆಂಡಿನ ದೊಡ್ಡ ಸಂಗೀತೋತ್ಸವವಾದ ಗ್ಲಾಸ್ಟನ್‌ಬರಿ ಉತ್ಸವದವರೆಗೂ ಹೋಗಿ ಬಂದರು. ಆ ಆಲ್ಬಂ ಬಂದಾಗ ನಮ್ಮ ಕಾಕಾ ಮೂಗು ಮುರಿದಿದ್ದರು, ಸದ್ದು ಜಾಸ್ತಿಯಾಯಿತು ಎಂದಿದ್ದರು. ಆದರೆ ಇದು ಷರೀಫರ ಹಾಡಲ್ಲ ಎನ್ನಲಿಲ್ಲ. ಹಾಗೆ ಹೇಳಬಹುದೆಂದು ಅವರಿಗೆ ಹೊಳೆದಿರಲೂ ಇಲ್ಲ. ಮರುದಿನ ಭಜನೆಗೆ ಹೋಗಿ ತಮ್ಮ ಹಳೆಯ ಧಾಟಿಯಲ್ಲಿ ತಾವು ಹಾಡಿ ಬಂದರು. ಇಂಥ ವಿಶಾಲ ಮನಸ್ಸನ್ನು ನಾನು ಇಲ್ಲಿಯ ಕೇಳುಗರಲ್ಲಿ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ.

ಇವರಿಗೆ ರೆಕಾರ್ಡೇ ಹಾಡು. ಬರೆದವರು, ನುಡಿಸಿದವರು, ಹಾಡಿದವರು ಅದೇ ನಾಲ್ವರು. ಸ್ಟುಡಿಯೊದಲ್ಲಿ ಒಂದು ದಿನ ಹಿಡಿದಿಟ್ಟ ಗಿಟಾರಿನ ಕರಕರ, ಡ್ರಮ್ಮಿನ ಪೆಟ್ಟು, ಪದ ನುಂಗುವ ರೀತಿ ಎಲ್ಲ ಸೇರಿಯೇ ಹಾಡು. ಅದರಲ್ಲಿ ಒಂದು ಎಳೆ ಜಾರಿದರೂ ಮೋಸವಾದಂತೆ ಅನ್ನಿಸುತ್ತದೆ. ಇದು ಇವತ್ತಿನ ರೋಗವಲ್ಲ. ಇಲ್ಲಿಂದ ರೈಲಿನಲ್ಲಿ ಒಂದು ತಾಸಿನ ದಾರಿಯ ಮ್ಯಾಂಚೆಸ್ಟರಿನಲ್ಲಿ 1966ರ ಮೇ ತಿಂಗಳಲ್ಲಿ ಅಮೆರಿಕದ ಜಾನಪದ ಶೈಲಿಯ ಗಾಯಕ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಾಡಿದಾಗ, ಸಭೆಯಿಂದ ಒಬ್ಬ "ಜೂಡಸ್" ಎಂದು ಕೂಗಿದ. ಗಿಟಾರಿಗೆ ವಿದ್ಯುತ್ತಿನ ತಂತಿ ಸೇರಿಸಿದ್ದಕ್ಕೆ ಕ್ರಿಸ್ತದ್ರೋಹಿಯ ಹೆಸರು! ಐವತ್ತಾರು ವರ್ಷಗಳ ಮೇಲೆ ಗಿಟಾರ್ ಬಿಟ್ಟು ಪಿಯಾನೊ ಹಿಡಿದವನಿಗೂ ಹೆಚ್ಚುಕಡಿಮೆ ಅದೇ ಸತ್ಕಾರ.

2023ರ ಜೂನಿನಲ್ಲಿ ಬ್ಯಾಂಡ್ ತವರಿಗೆ ಬಂದು ಹಿಲ್ಸ್‌ಬರೋ ಪಾರ್ಕಿನಲ್ಲಿ ಸತತ ಎರಡು ಸಂಜೆ ನುಡಿಸಿತು. ಒಂದು ಸಂಜೆ ನಾನೂ ಇದ್ದೆ. ಟರ್ನರ್ ಈಗೀಗ ಹಳೆಯ ಹಾಡುಗಳನ್ನೂ ರೆಕಾರ್ಡಿನಂತೆ ಹಾಡುವುದಿಲ್ಲ. ಸಾಲಿನ ತುದಿಯನ್ನು ಎಳೆಯುತ್ತಾರೆ, ನಡುವೆ ತಡೆಯುತ್ತಾರೆ, ಒಂದು ಪದವನ್ನು ತಾಳದಿಂದ ಹಿಂದಕ್ಕೆ ಸರಿಸಿ ಬಿಡುತ್ತಾರೆ. ಜನ ಮಾತ್ರ 2006ರ ವೇಗದಲ್ಲೇ ಒಕ್ಕೊರಲಿನಿಂದ ಹಾಡುತ್ತಿದ್ದರು. ಗಾಯಕ ಸಾಲಿನ ಅರ್ಧಕ್ಕೆ ಬರುವಾಗ ಮೈದಾನ ಸಾಲು ಮುಗಿಸಿ ಕಾಯುತ್ತಿತ್ತು. ನನ್ನ ಪಕ್ಕ ನಿಂತವರು ಬೇಸರದಿಂದ ತಲೆ ಅಲ್ಲಾಡಿಸಿದರು. ನಾನೂ ತಲೆ ಅಲ್ಲಾಡಿಸುತ್ತಿದ್ದೆ, ಭೇಷ್ ಎಂದು. ನಮ್ಮ ಸಂಗೀತ ಸಭೆಗಳಲ್ಲಿ ನೂರು ಸಲ ಕೇಳಿದ ಕೀರ್ತನೆಯ ಒಂದು ಸಾಲನ್ನು ಹಿಡಿದು ಹಿರಿಯರು ಹತ್ತು ಬಗೆಯಲ್ಲಿ ಹೊರಳಿಸುವಾಗ ಮುಂದಿನ ಸಾಲಿನವರು ತೊಡೆ ತಟ್ಟಿ ಮೆಚ್ಚುವುದಿಲ್ಲವೇ? ಆ ಮನೋಧರ್ಮಕ್ಕಾಗಿಯೇ ಅಲ್ಲವೇ ನಾವು ಟಿಕೆಟ್ ತೆಗೆದುಕೊಂಡು ಹೋಗುವುದು? ರೆಕಾರ್ಡಿನಲ್ಲಿ ಇದ್ದುದೇ ಬೇಕಾದರೆ ಮನೆಯಲ್ಲೇ ಕೇಳಬಹುದಿತ್ತು. ಆ ಸಂಜೆ ನನಗೆ ಊರು ಬಹಳ ನೆನಪಾಯಿತು.

ಇಷ್ಟು ಹೇಳಿದ ಮೇಲೆ ಒಪ್ಪಿಕೊಳ್ಳಲೇಬೇಕಾದ ಕೆಲವು ಮಾತುಗಳಿವೆ.

ನಮ್ಮ ಈ ಔದಾರ್ಯವೆಲ್ಲ ಬಹುಮಟ್ಟಿಗೆ ತೀರಿಹೋದವರ ಪದಗಳಿಗೆ ಸಲ್ಲುತ್ತದೆ. ಬದುಕಿರುವ ಸಿನಿಮಾ ಸಂಗೀತ ನಿರ್ದೇಶಕ ಹೊಸ ದಾರಿ ಹಿಡಿದರೆ "ಮೊದಲಿನ ಹಾಗಿಲ್ಲ" ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ, ಅಥವಾ ಹಾಡನ್ನು ಬಿಟ್ಟು ನಾಯಕನಟನ ಪರ-ವಿರೋಧ ಕಿತ್ತಾಡುತ್ತೇವೆ. ಇಲ್ಲಿಯವರು ಬಯ್ದರೂ ಸದ್ದಿನ ಬಗ್ಗೆ ಬಯ್ಯುತ್ತಾರೆ: ಡ್ರಮ್ ಯಾಕೆ ಇಷ್ಟು ಹಿಂದೆ ಕೂತಿದೆ, ತಂತಿವಾದ್ಯ ಎಲ್ಲಿ ಜಾಸ್ತಿಯಾಯಿತು ಎಂದು ಬಿಡಿಸಿ ಹೇಳುತ್ತಾರೆ. ಆ ಕಿವಿ ನಮಗೂ ಬೇಕು.

ಇನ್ನು ಧಾಟಿಗಾಗಿ ನಾವು ಜಗಳವಾಡುವುದಿಲ್ಲ ಎಂದು ಎದೆ ತಟ್ಟಿ ಹೇಳುವ ಹಾಗೂ ಇಲ್ಲ. ಶೆಫೀಲ್ಡಿನಲ್ಲಿ ಆ ಸಿಂಗಲ್‌ನ ಗಲಾಟೆ ಎದ್ದ ಮರುತಿಂಗಳೇ, 2022ರ ಸೆಪ್ಟೆಂಬರಿನಲ್ಲಿ, ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಹಾಡಬೇಕೆಂದು ನಮ್ಮ ಸರ್ಕಾರ ಆದೇಶ ಹೊರಡಿಸಿತು. ಅಶ್ವಥ್ ಧಾಟಿ ಬೇಕೆಂದವರು ಸುಮ್ಮನಿರಲಿಲ್ಲ. ವಿಷಯ ಹೈಕೋರ್ಟಿನ ಮೆಟ್ಟಿಲು ಹತ್ತಿತು. 2024ರಲ್ಲಿ ಅರ್ಜಿ ವಜಾ ಆಯಿತು, ಸರ್ಕಾರದ ಆದೇಶ ಉಳಿಯಿತು. ಸಾವಿರಾರು ಮಕ್ಕಳು ಏಕಕಾಲಕ್ಕೆ ಹಾಡುವ ಗೀತೆಗೆ ಒಂದೇ ಧಾಟಿ ಇರಬೇಕೆಂಬುದು ಸರಿಯೇ. ಆದರೆ ಆ ದಿನಗಳಲ್ಲಿ ನಮ್ಮ ಕನ್ನಡ ಕೂಟದ ಹಿರಿಯರಿಬ್ಬರು ಇದೇ ವಿಷಯಕ್ಕೆ ಮಾತು ಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಬ್ಬರು ಶಾಲೆಯ ದಿನಗಳಿಂದ ಒಂದು ಧಾಟಿಯನ್ನು ಎದೆಯಲ್ಲಿಟ್ಟುಕೊಂಡು ಬಂದವರು, ಇನ್ನೊಬ್ಬರು ಇನ್ನೊಂದನ್ನು. ಊರು ಬಿಟ್ಟು ಬಂದವರಿಗೆ ಧಾಟಿ ಎಷ್ಟು ಆಳದ್ದೆಂದು ಅವರನ್ನು ನೋಡಿ ತಿಳಿಯಿತು.

ನನ್ನ ಸಹೋದ್ಯೋಗಿಯ ನೋವು ಕೂಡ ಆಮೇಲೆ ಅರ್ಥವಾಯಿತು. ಬ್ಯಾಂಡ್ ಹಂಚಿದ ಆ ಪುಕ್ಕಟೆ ಸಿಡಿಗಳಲ್ಲಿ ಒಂದು ಅವರ ಬಳಿ ಇನ್ನೂ ಇದೆ. ಮೊದಲ ಆಲ್ಬಂನಲ್ಲಿ ಟರ್ನರ್ ಹಾಡಿದ್ದು ಶೆಫೀಲ್ಡಿನ ಬೀದಿಯ ಮಾತಿನಲ್ಲಿ. ರಾತ್ರಿ ಟ್ಯಾಕ್ಸಿಗೆ ಸಾಲು ನಿಂತವರು, ಕ್ಲಬ್ಬಿನ ಬಾಗಿಲಲ್ಲಿ ತಡೆಯುವ ಕಾವಲುಗಾರರು, ಎಲ್ಲ ಇಲ್ಲಿಯವರೇ. ತಮ್ಮೂರಿನ ಉಚ್ಚಾರ ತಿದ್ದುಪಡಿಯಿಲ್ಲದೆ ರೇಡಿಯೊದಲ್ಲಿ ಬಂದಾಗ ತಾವು ಅತ್ತಿದ್ದಾಗಿ ಸಹೋದ್ಯೋಗಿ ಹೇಳಿದರು. ಆ ಉಚ್ಚಾರ ಹೊಸ ಹಾಡುಗಳಲ್ಲಿ ಬಹಳ ಮಟ್ಟಿಗೆ ಇಲ್ಲ. ಉತ್ತರ ಕರ್ನಾಟಕದವನಾದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಎಷ್ಟು ವರ್ಷ ನಮ್ಮ ಕಡೆಯ ಮಾತು ಸಿನಿಮಾದಲ್ಲಿ ಬಂದರೆ ನಗಿಸುವುದಕ್ಕೆ ಮಾತ್ರ ಬರುತ್ತಿತ್ತು! ನಮ್ಮ ಮಾತಿನಲ್ಲೇ ಗಂಭೀರವಾಗಿ ಹಾಡಿ ನಾಡನ್ನು ಗೆದ್ದ ಹುಡುಗನೊಬ್ಬ ನಾಲ್ಕು ವರ್ಷದ ಮೇಲೆ ಬೆಂಗಳೂರಿನ ಸಪಾಟು ಕನ್ನಡಕ್ಕೆ ಇಳಿದರೆ ನಾನೂ ಮುನಿಸಿಕೊಳ್ಳುತ್ತಿದ್ದೆ.

ಆದರೂ ಬ್ಯಾಂಡ್ ಹಿಂದಕ್ಕೆ ತಿರುಗಲಿ ಎಂದು ನಾನು ಕೇಳುವುದಿಲ್ಲ. ಮುಂದಿನ ಹಾಡಿನಲ್ಲಿ ಪಿಯಾನೊವೂ ಇಲ್ಲದಿರಬಹುದು, ಇನ್ನೇನೋ ಇರಬಹುದು; ಅದು ಅವರಿಗೆ ಬಿಟ್ಟದ್ದು. ಗಿಟಾರ್ ಬೇಕಾದವರು ಹಳೆಯ ಹಾಡುಗಳನ್ನು ತಮ್ಮ ಪಬ್ಬುಗಳಲ್ಲಿ ತಾವೇ ತಮಗೆ ಬೇಕಾದ ವೇಗದಲ್ಲಿ ಹಾಡಿಕೊಳ್ಳಲಿ, ನಮ್ಮ ಕಾಕಾ ಭಜನೆಗೆ ಹೋಗಿ ಹಾಡಿದಂತೆ. ಇದನ್ನೇ ನಾನು ಸಹೋದ್ಯೋಗಿಗೆ ಹೇಳಿದೆ. ಅವರು ಒಪ್ಪಲಿಲ್ಲ, ಅದು ಬೇರೆ ಹಾಡಾಗುತ್ತದೆ ಎಂದರು. ಆದರೆ ಅಶ್ವಥ್ ಹಾಡಿದ್ದನ್ನು ಕಳುಹಿಸಿಕೊಡಿ ಎಂದು ಕೇಳಿ ಪಡೆದರು, ನಕಲು ಎಂಬ ಮಾತನ್ನು ಮತ್ತೆ ಎತ್ತಲಿಲ್ಲ.