ಸ್ಪೇಸರ್ ಕಣ್ಣಳತೆಯಲ್ಲಿ ಆರಿಸುವ ವಸ್ತುವಲ್ಲ

ಈಗಷ್ಟೇ ಒಂದು ಸ್ಪೋರ್ಟ್ಸ್ ಕಾರಿನ ಹಿಂದಿನ ಚಕ್ರ ಬಿಚ್ಚುವುದನ್ನು ನೋಡಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. 15 ಮಿ.ಮೀ. ಸ್ಪೇಸರ್ (ಚಕ್ರ ಹೊರಕ್ಕೆ ಬರಲಿ ಅಂತ, ಚಕ್ರ ಕೂರುವ ಹಬ್ಬಿಗೂ ಚಕ್ರಕ್ಕೂ ನಡುವೆ ಇಡುವ ಲೋಹದ ಬಿಲ್ಲೆ) ಹಾಕಿದ್ದಾರೆ, ಬೋಲ್ಟ್ ಮಾತ್ರ ಕಾರಿನ ಜೊತೆ ಬಂದವೇ. ಐದೇ ಸುತ್ತು ತಿರುಗಿಸುವಷ್ಟರಲ್ಲಿ ಬೋಲ್ಟ್ ಕೈಗೇ ಬಂತು! ಎಂ14 ಬೋಲ್ಟ್, ಅಂದರೆ 14 ಮಿ.ಮೀ. ದಪ್ಪ; 1.5 ಮಿ.ಮೀ. ಪಿಚ್, ಅಂದರೆ ಒಂದು ಸುತ್ತಿಗೆ ಅಷ್ಟು ಒಳಗೆ ಹೋಗುತ್ತದೆ. ಐದು ಸುತ್ತು ಅಂದರೆ ಏಳೂವರೆ ಮಿ.ಮೀ. ಥ್ರೆಡ್. ಬೋಲ್ಟಿನ ದಪ್ಪ ಎಷ್ಟಿದೆಯೋ ಕನಿಷ್ಠ ಅಷ್ಟು ಉದ್ದವಾದರೂ ಒಳಗೆ ಹಿಡಿದಿರಬೇಕು. ಇಲ್ಲಿ ಇದ್ದದ್ದು ಹೆಚ್ಚುಕಡಿಮೆ ಅದರ ಅರ್ಧ. ಅಷ್ಟರ ಮೇಲೆ ಆ ಕಾರು ಹೈವೇಯಲ್ಲಿ ಓಡಿದೆ.

15 ಯಾಕೆ ಅಂತ ಕೇಳಿದೆ. "ಫೋಟೋದಲ್ಲಿ ಚೆನ್ನಾಗಿ ಕಾಣ್ತು" ಅಂದರು.

ನನ್ನ ಸಂಕಟ ಇದೇ. ಚಕ್ರ ಫೆಂಡರಿನ (ಚಕ್ರದ ಮೇಲಿನ ಮಡ್‌ಗಾರ್ಡಿನ) ಅಂಚಿಗೆ ಸರಿಯಾಗಿ ನಿಂತರೆ ನನಗೂ ಇಷ್ಟ, ನಿಮಗೆಲ್ಲ ಗೊತ್ತೇ ಇದೆ. ಆದರೆ ಮೊದಲು ಟೈರ್ ತೀರ್ಮಾನ ಆಗಬೇಕು, ಆಮೇಲೆ ಅಳತೆ, ಕೊನೆಗೆ ಸ್ಪೇಸರ್. ಎಲ್ಲರೂ ಉಲ್ಟಾ ಹೋಗ್ತಾರೆ.

245/35 ಆರ್20 ಟೈರ್ ತೆಗೆದುಕೊಳ್ಳಿ. ಅಗಲ 245 ಮಿ.ಮೀ., ಪಕ್ಕದ ಗೋಡೆ ಅದರ ಶೇ. 35, ರಿಮ್ 20 ಇಂಚು. ಒಟ್ಟು ಎತ್ತರ ಸುಮಾರು 680 ಮಿ.ಮೀ. ಅದನ್ನೇ 265/35 ಮಾಡಿದರೆ 693 ದಾಟುತ್ತದೆ. ಬರೀ ಅಗಲ ಜಾಸ್ತಿ ಆಯ್ತು ಅಂದುಕೊಂಡಿರುತ್ತೀರಿ, ಎತ್ತರವೂ ಶೇ. 2ರಷ್ಟು ಏರಿರುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಿನಲ್ಲಿ ಹಿಂದೆ ಮಾತ್ರ ಹೀಗೆ ಬದಲಾಯಿಸಿದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ವೇಗ ಹೊಂದುವುದಿಲ್ಲ. ಅವನ್ನು ಜೋಡಿಸುವ ಕ್ಲಚ್ಚೋ ಡಿಫರೆನ್ಷಿಯಲ್ಲೋ ಸುಮ್ನೆ ಸವೆಯುತ್ತದೆ. 265/35 ಟೈರಿಗೆ ಕನಿಷ್ಠ 9 ಇಂಚು ಅಗಲದ ರಿಮ್ ಬೇಕು, ಎಂಟೂವರೆಗೆ ಹಾಕಿಸಿ ಹಿಡಿತ ಹೆಚ್ಚಾಯ್ತು ಅನ್ನಬೇಡಿ. ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರಬಲ್ಲದು ಅಂತ ಹೇಳುವ ಸಂಖ್ಯೆ) ಅಂತೂ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಆಗಲೇಬಾರದು.

ಈಗ ಸ್ಪೇಸರ್ ಸೇರಿಸಿ. 20 ಮಿ.ಮೀ. ಅಗಲ ಹೆಚ್ಚಿದ ಟೈರ್ ಒಳಗೆ 10, ಹೊರಗೆ 10 ಚಾಚುತ್ತದೆ. ಅದರ ಮೇಲೆ 15ರ ಸ್ಪೇಸರ್ ಬಂದರೆ ಹೊರ ಅಂಚು 25 ಮಿ.ಮೀ. ಆಚೆ. ಈ ಎರಡನ್ನೂ ಕೂಡಿಸಿ ನೋಡುವವರೇ ಇಲ್ಲ! ಹಳ್ಳಕ್ಕೆ ಇಳಿದಾಗ ಫೆಂಡರ್ ಟೈರನ್ನು ಕೆರೆದ ಮೇಲೆ ಗೊತ್ತಾಗುತ್ತದೆ. ಇಟಿ ಅಂದರೆ ರಿಮ್ ಅಗಲದ ನಡುಗೆರೆಯಿಂದ ಚಕ್ರ ಹಬ್ಬಿಗೆ ತಾಗುವ ಮುಖಕ್ಕೆ ಇರುವ ದೂರ, ಮಿ.ಮೀ. ಲೆಕ್ಕದಲ್ಲಿ; ಅದು ಕಡಿಮೆಯಾದಷ್ಟೂ ಚಕ್ರ ಹೊರಗೆ. ಇಟಿ 45 ಇದ್ದ ಚಕ್ರ ಈಗ ಇಟಿ 30ರ ಹಾಗೆ ನಿಂತಿದೆ. ಬೇರಿಂಗ್ ಮೇಲಿನ ಹೊರೆ ಬದಲಾಯಿತು. ಮುಂದಿನ ಚಕ್ರವಾದರೆ ಸ್ಟೀರಿಂಗ್ ಸ್ವಭಾವವೇ ಬೇರೆ. ಒಂದು ಬದಿ ಒದ್ದೆ, ಒಂದು ಬದಿ ಒಣಗಿದ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಕೈಯಲ್ಲಿ ಎಳೆತ ತಿಳಿಯುತ್ತದೆ. ಅಷ್ಟು ಮುತುವರ್ಜಿಯಿಂದ ಮಾಡಿದ ಸ್ಟೀರಿಂಗನ್ನು ಫೋಟೋಗೋಸ್ಕರ ಕೆಡಿಸುವುದು ನನಗೆ ನಿಜಕ್ಕೂ ನೋವು ಕೊಡುತ್ತದೆ.

"ಪೋರ್ಷೆಯವರೇ ತಮ್ಮ 911 ಕಾರಿಗೆ ಸ್ಪೇಸರ್ ಕೊಡಲಿಲ್ವಾ?" ಅಂತ ಯಾರಾದರೂ ಕೇಳೇ ಕೇಳ್ತೀರಿ. ಕೊಟ್ಟಿದ್ದಾರೆ. 5 ಮಿ.ಮೀ. ದಪ್ಪದ್ದು, ಅದಕ್ಕೆ ತಕ್ಕ ಉದ್ದದ ಬೋಲ್ಟ್ ಸಮೇತ, ಯಾವ ಚಕ್ರಕ್ಕೆ ಹೊಂದುತ್ತದೆ ಅಂತ ನೋಡಿಯೇ ಕೊಟ್ಟದ್ದು. ಕಣ್ಣಳತೆಯಲ್ಲಿ ಹಾಕಿದ 15ಕ್ಕೆ ಅದು ಸಮರ್ಥನೆ ಆಗುವುದಿಲ್ಲ.

ಹಬ್‌ನ ನಡುವಿನ ಉಂಗುರವನ್ನೂ ಮರೆಯಬೇಡಿ. ಚಕ್ರವನ್ನು ನಡುವಿಗೆ ಸರಿಯಾಗಿ ಕೂರಿಸುವುದು ಅದೇ. ಪೋರ್ಷೆಯಲ್ಲಿ ಅದರ ವ್ಯಾಸ 71.6 ಮಿ.ಮೀ. ಸ್ಪೇಸರಿನ ಒಳತೂತು ಅದಕ್ಕೆ ಬಿಗಿಯಾಗಿ ಕೂರಬೇಕು, ಹೊರಗೆ ಅದೇ ಅಳತೆಯ ಉಂಗುರ ಇರಬೇಕು. ತೀರಾ ತೆಳ್ಳಗಿನ ಸ್ಪೇಸರಿಗೆ ಸ್ವಂತ ಉಂಗುರ ಇರುವುದಿಲ್ಲ. ಹಬ್ಬಿನದ್ದು ಇನ್ನೂ ಎಷ್ಟು ಹೊರಗೆ ಉಳಿದಿದೆ ಅಂತ ಕೈಯಿಟ್ಟೇ ನೋಡಬೇಕು. ತುಕ್ಕು ಉಜ್ಜದೆ ಕೂರಿಸಿದರೆ ಚಕ್ರ ನಡುಗುತ್ತದೆ, ಬ್ಯಾಲೆನ್ಸ್ ಎಷ್ಟು ಸಲ ಮಾಡಿಸಿದರೂ ಹೋಗುವುದಿಲ್ಲ.

ದಯವಿಟ್ಟು ಇನ್ನು ಮೇಲೆ ನನಗೆ ಪಕ್ಕದಿಂದ ತೆಗೆದ ಫೋಟೋ ಕಳಿಸಿ "ಎಷ್ಟು ಹಾಕಲಿ?" ಅಂತ ಕೇಳಬೇಡಿ. ರಿಮ್ ಅಗಲ, ಇಟಿ, ಟೈರ್ ಸೈಜು, ಫೆಂಡರಿಗೂ ಒಳಗಿನ ಸಸ್ಪೆನ್ಷನ್‌ಗೂ ಇರುವ ಜಾಗ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಉಳಿಯುವ ಜಾಗ, ಇಷ್ಟು ಬರೆದು ಕಳಿಸಿ. ರಾತ್ರಿ ಎಷ್ಟು ಹೊತ್ತಾದರೂ ಕೂತು ಲೆಕ್ಕ ಹಾಕಿ ಕೊಡ್ತೀನಿ.