ಸ್ಪಷ್ಟನೆ: ಹಿಮನದಿಯ ಕಂದು ಗೆರೆ ಎಂದರೆ ಒಂದು ವರ್ಷ ಅಲ್ಲ

ಹಿಮನದಿಯ ಮಂಜುಗಡ್ಡೆಯಲ್ಲಿ ಕಾಣುವ ಒಂದೊಂದು ಕಂದು ಗೆರೆಯೂ ಒಂದು ವರ್ಷ, ಮರದ ಉಂಗುರದ ಹಾಗೆ ಎಣಿಸಿದರೆ ವಯಸ್ಸು ಸಿಗುತ್ತದೆ ಎಂಬ ಮಾತು ಹರಿದಾಡುತ್ತಿದೆ. ಆಲ್ಪ್ಸ್ ವಿಷಯದಲ್ಲಿ ಇದು ತಪ್ಪು.

ಸ್ವಿಟ್ಜರ್ಲೆಂಡ್-ಇಟಲಿ ಗಡಿಯ ಮೊಂಟೆ ರೋಸಾ ಪರ್ವತದಲ್ಲಿ, ಸುಮಾರು 4,450 ಮೀಟರ್ ಎತ್ತರದಲ್ಲಿ ಕೊಲ್ಲೆ ನಿಫೆಟ್ಟಿ ಎಂಬ ಜಾಗವಿದೆ. ಅಲ್ಲಿ ಕೊರೆದು ತೆಗೆದ ಮಂಜುಗಡ್ಡೆಯ ಹಳದಿ-ಕಂದು ಪದರಗಳು ಸಹಾರಾ ಮರುಭೂಮಿಯ ಧೂಳು. ಅದು ವರ್ಷಕ್ಕೊಮ್ಮೆ ಅಂತ ಲೆಕ್ಕ ಇಟ್ಟು ಬರುವುದಿಲ್ಲ. ದಕ್ಷಿಣದಿಂದ ಗಾಳಿ ಜೋರಾಗಿ ಬೀಸಿದಾಗ ಬರುತ್ತದೆ. ಒಂದೇ ವರ್ಷ ಹಲವು ಸಲ ಬೀಳಬಹುದು, ಇನ್ನೊಂದು ವರ್ಷ ಕಣ್ಣಿಗೆ ಕಾಣುವಷ್ಟೂ ಇರದೆ ಹೋಗಬಹುದು. ಮೇಲಾಗಿ ಅಲ್ಲಿನ ಗಾಳಿ ಚಳಿಗಾಲದ ಹಿಮವನ್ನು ಬಹುಪಾಲು ಗುಡಿಸಿಕೊಂಡು ಹೋಗುತ್ತದೆ. ಉಳಿಯುವುದು ಜಾಸ್ತಿ ಬೇಸಿಗೆಯದ್ದೇ.

ಹಾಗಂತ ಧೂಳಿನ ಗೆರೆ ಪ್ರಯೋಜನಕ್ಕಿಲ್ಲ ಎಂದಲ್ಲ, ಅದು ಅಮೂಲ್ಯ. 1947 ಮತ್ತು 1977ರಲ್ಲಿ ಬಿದ್ದ ಸಹಾರಾ ಧೂಳು ಗೊತ್ತಿರುವ ಘಟನೆ. ಆ ಪದರ ಸಿಕ್ಕರೆ ವರ್ಷ ಸಿಕ್ಕ ಹಾಗೆ. ಅಣುಬಾಂಬ್ ಪರೀಕ್ಷೆಗಳಿಂದ ಬಂದ ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) 1963ರ ಪದರದಲ್ಲಿ ಅತಿ ಹೆಚ್ಚು. ಅದೂ ಒಂದು ಗುರುತು. ನಡುವಿನ ವರ್ಷಗಳನ್ನು ಎಣಿಸುವುದು ಅಮೋನಿಯಂನಂಥ ರಾಸಾಯನಿಕಗಳು ಋತುವಿಗೆ ತಕ್ಕಂತೆ ಏರಿಳಿಯುವುದನ್ನು ನೋಡಿಕೊಂಡು. ತೀರಾ ಆಳದಲ್ಲಿ ಪದರಗಳು ಒತ್ತಿ ತೆಳುವಾಗಿರುತ್ತವೆ, ಅಲ್ಲಿಗೆ ರೇಡಿಯೋಕಾರ್ಬನ್ (ವಿಕಿರಣ ಸೂಸುವ ಇಂಗಾಲ ಎಷ್ಟು ಉಳಿದಿದೆ ಎಂದು ಅಳೆದು ವಯಸ್ಸು ತಿಳಿಯುವ ವಿಧಾನ) ಬೇಕು.