ಹದಿನೆಂಟು ಮೊಳದ ಉಸಾಬರಿ

ಮೂರು ದಿನದಿಂದ ಆಫೀಸಿನಿಂದ ಬಂದ ತಕ್ಷಣ ಬ್ಲೇಡು ಹಿಡಿದು ಹೊಲಿಗೆ ಬಿಚ್ಚುತ್ತಾ ಕೂತಿದ್ದೇನೆ. ಹೆಬ್ಬೆರಳಲ್ಲಿ ಆಗಲೇ ಎರಡು ಗಾಯ. ಹೊಲಿಗೆ ಹರಿದಿಲ್ಲ, ಸಡಿಲವಾಗಿಲ್ಲ, ಚಿನ್ನದಂಥ ಹೊಲಿಗೆ. ಮೆಷಿನ್ನಿನಲ್ಲಿ ಹಾಕಿದ್ದು ಅನ್ನೋದೊಂದೇ ಅದರ ತಪ್ಪು. 1746ರಲ್ಲಿ ಹೊಲಿಗೆ ಮೆಷಿನ್ ಇರಲಿಲ್ಲವಂತೆ. ಒಪ್ಪಿದೆ. 1746ರಲ್ಲಿ ನಾನೂ ಇರಲಿಲ್ಲ!

ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಬಂದು ಆರು ವರ್ಷವಾಯಿತು. ಶನಿವಾರ, ಭಾನುವಾರ ಮನೆಯಲ್ಲಿ ಸುಮ್ನೆ ಬಿದ್ದುಕೊಳ್ಳುವ ಬದಲು ಏನಾದ್ರೂ ಮಾಡೋಣ ಅಂತ ಪಟ್ಟ ಕಳೆದುಕೊಂಡ ಸ್ಟುವರ್ಟ್ ರಾಜಮನೆತನವನ್ನು ಮತ್ತೆ ಸಿಂಹಾಸನಕ್ಕೆ ತರಲು ಎದ್ದ ಜಾಕೊಬೈಟ್ ದಂಗೆಯ ಕಾಲದ ಯುದ್ಧಗಳನ್ನು ಆಡಿ ತೋರಿಸುವ ಒಂದು ತಂಡ ಸೇರಿದೆ. ನಮ್ಮ ಬಯಲಾಟದ ಹಾಗೇ, ಆದರೆ ಭಾಗವತರಿಲ್ಲ, ಮಳೆ ಜಾಸ್ತಿ. ಆ ದಂಗೆ ಸೋತ 1746ರ ನಿಜವಾದ ಕಲೋಡನ್ ಯುದ್ಧ ಒಂದು ಗಂಟೆಯೊಳಗೆ ಮುಗಿದಿತ್ತು. ನಮಗೆ ಬಟ್ಟೆ ಉಡೋಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಯಾಕೆಂದರೆ ಅದು ಇಲ್ಲಿನ ಮದುವೆ ಮನೆಗಳಲ್ಲಿ ಗಂಡಸರು ಉಡುವ ಹೊಲಿದ ನೆರಿಗೆ ಲಂಗ, ಕಿಲ್ಟ್, ಅಲ್ಲ. ದೊಡ್ಡ ಪ್ಲಾಡ್, ಮೈಗೆ ಸುತ್ತಿಕೊಳ್ಳುವ ಉದ್ದದ ಬಟ್ಟೆ. ಆ ಕಾಲದ ಮಗ್ಗ ಅಗಲವಿರಲಿಲ್ಲ, ಹಾಗಾಗಿ ಒಂಬತ್ತು ಗಜ ನೇಯ್ದು, ಎರಡು ತುಂಡು ಮಾಡಿ, ಉದ್ದಕ್ಕೆ ಸೇರಿಸಿ ಹೊಲಿಯುತ್ತಿದ್ದರು. ಒಂಬತ್ತು ಗಜ ಅಂದರೆ ಹದಿನೆಂಟು ಮೊಳ. ನಮ್ಮಜ್ಜಿ ಕಚ್ಚೆ ಹಾಕಿ ಉಡುತ್ತಿದ್ದ ಸೀರೆ ಎಷ್ಟೋ ಅಷ್ಟು. ಆದರೆ ಇದು ಉಣ್ಣೆ. ಒದ್ದೆಯಾದರೆ ಒಂದು ಕುರಿಯನ್ನೇ ಹೊತ್ತ ಹಾಗೆ.

ನಮ್ಮ ತಂಡದಲ್ಲಿ ಒಬ್ಬರು ಹಿರಿಯರಿದ್ದಾರೆ. ಬೆನ್ನ ಹಿಂದೆ ನಾವು ಅವರನ್ನು ನೂಲೆಣಿಸುವವರು ಅನ್ನುತ್ತೇವೆ. ಸಿಕ್ಕವರಿಗೆ ಗುಡ್ ಮಾರ್ನಿಂಗ್ ಹೇಳುವ ಮುಂಚೆ ಅವರ ಬಟ್ಟೆಯ ಅಂಚು ಮಗುಚಿ ನೋಡುತ್ತಾರೆ. ತರಕಾರಿ ಮಾರ್ಕೆಟ್ಟಿನಲ್ಲಿ ಬೆಂಡೆಕಾಯಿ ತುದಿ ಮುರಿದು ನೋಡುವವರಿಲ್ಲವಾ, ಥೇಟ್ ಹಾಗೆ. ಕಾಲುಚೀಲದಲ್ಲಿ ಸಣ್ಣ ಚಾಕು ಸಿಕ್ಕಿಸಿದ್ದರೆ ತೆಗೆಸುತ್ತಾರೆ, ಅದು ಹತ್ತೊಂಬತ್ತನೇ ಶತಮಾನದ ಶೋಕಿ. ನನ್ನ ಕನ್ನಡಕವನ್ನೂ ತೆಗೆಸಿದರು. ಅದಿಲ್ಲದೆ ಎದುರಿನ ಕೆಂಪು ಕೋಟಿನ ಸರ್ಕಾರಿ ಸೈನ್ಯ ಎಲ್ಲಿದೆ ಅಂತಲೇ ಕಾಣದೆ, ಹೋದ ತಿಂಗಳು ಇನ್ನೂ ಯಾರೂ ಗುಂಡು ಹಾರಿಸುವ ಮುಂಚೆಯೇ ನಾನು ಸತ್ತು ಬಿದ್ದೆ. ಅದಕ್ಕೂ ಬೈದರು. ಶಿವಮೊಗ್ಗದವನೊಬ್ಬ ಸ್ಕಾಟ್ಲೆಂಡಿನ ಗುಡ್ಡಗಾಡಿನ ಹೈಲ್ಯಾಂಡರ್ ಆಗಿ ನಿಂತಿದ್ದಾನಲ್ಲ, ಅದರ ಬಗ್ಗೆ ಮಾತ್ರ ಇವತ್ತಿನವರೆಗೂ ಒಂದು ಮಾತು ಆಡಿಲ್ಲ. ಅವರ ತಕರಾರೆಲ್ಲ ದಾರದ ಮೇಲೆ.

ಸುಳ್ಳು ಹೇಳಬಾರದು, ವಿಷಯ ಗೊತ್ತು ಅವರಿಗೆ. ಪ್ರೇಕ್ಷಕರು ಬಂದು ನನ್ನನ್ನು ಕೇಳುತ್ತಾರೆ, ‘ಇದು ಯಾವ ಕ್ಲಾನಿನ ಟಾರ್ಟನ್?’ ಅಂತ. ಕ್ಲಾನ್ ಅಂದರೆ ಮನೆತನ, ಟಾರ್ಟನ್ ಅಂದರೆ ಈ ಚೌಕುಳಿ ಬಟ್ಟೆ. ನಮ್ಮೂರಲ್ಲಿ ಯಾವ ಗೋತ್ರ ಅಂತ ಕೇಳಿಸಿಕೊಂಡು ಸಾಕಾಗಿ ಇಲ್ಲಿಗೆ ಬಂದರೆ ಇಲ್ಲೂ ಅದೇ. ಒಂದೊಂದು ಮನೆತನಕ್ಕೆ ಒಂದೊಂದು ಡಿಸೈನ್ ಅನ್ನೋದು ಗಟ್ಟಿಯಾಗಿದ್ದು 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದ ಗದ್ದಲದ ನಂತರ. ಕಲೋಡನ್ನಿನಲ್ಲಿ ನಮ್ಮವನು ಅಂತ ಗುರುತು ಹಿಡಿಯುತ್ತಿದ್ದದ್ದು ಟೋಪಿಗೆ ಸಿಕ್ಕಿಸಿದ ಬಿಳಿ ರಿಬ್ಬನ್ನಿನ ಹೂವು ನೋಡಿ. ಇದನ್ನೆಲ್ಲ ಹೇಳಿಕೊಟ್ಟವರು ಅವರೇ. ಹಾಗಂತ ಸಿಟ್ಟು ಬರಬಾರದು ಅಂತೇನಿಲ್ಲವಲ್ಲ.

ಈಗ ಹೋದ ಶನಿವಾರಕ್ಕೆ ಬರೋಣ. ಪ್ಲಾಡ್ ಉಡಲು ನಮ್ಮಂಥವರು ಮಾಡುವುದು ಇಷ್ಟು: ನೆಲದ ಮೇಲೆ ಬೆಲ್ಟ್ ಇಡಬೇಕು, ಅದರ ಮೇಲೆ ಬಟ್ಟೆ ಹಾಸಿ ನೆರಿಗೆ ಹಿಡಿಯಬೇಕು, ಆಮೇಲೆ ಅದರ ಮೇಲೆ ಮಲಗಿ ಎರಡೂ ಕಡೆಯಿಂದ ಸುತ್ತಿಕೊಂಡು ಬೆಲ್ಟ್ ಬಿಗಿದು ಏಳಬೇಕು. ಡೇರೆಯೊಳಗೆ ಬೆಳಿಗ್ಗೆ ಆರೂವರೆಗೆ ಬೆಲ್ಟ್ ಇಟ್ಟೆ. ರಾತ್ರಿ ಮಳೆ ಬಂದು ನೆಲ ಪಚಪಚ ಅನ್ನುತ್ತಿತ್ತು. ಬಟ್ಟೆ ಕೊಳೆಯಾಗಬಾರದಲ್ಲ ಅಂತ, ಬುದ್ಧಿವಂತನ ಹಾಗೆ, ಬೆಲ್ಟಿನ ಮೇಲೆ ಒಂದು ಟಾರ್ಪಾಲು ಹಾಸಿದೆ. ಅದರ ಮೇಲೆ ಪ್ಲಾಡ್. ಇಪ್ಪತ್ತು ನಿಮಿಷ ಮೊಣಕಾಲ ಮೇಲೆ ಕೂತು ನೆರಿಗೆ ಹಿಡಿದೆ. ಮಲಗಿದೆ, ಸುತ್ತಿದೆ, ಬಿಗಿದೆ, ಎದ್ದೆ. ನಡೆಯುವಾಗ ಚರಪರ ಅಂತ ಸದ್ದು ಬಂತು. ಹೊಸ ಉಣ್ಣೆ, ಗರಿಗರಿಯಾಗಿರುತ್ತೆ ಅಂದುಕೊಂಡೆ.

ಸಾಲಿನಲ್ಲಿ ನಿಂತೆ. ಮುಂದಿನಿಂದ ನೋಡಿದರೆ ದಂಗೆಯ ನಾಯಕ ರಾಜಕುಮಾರ ಚಾರ್ಲ್ಸನ ನಿಷ್ಠಾವಂತ ಸೈನಿಕ. ಹಿಂದಿನಿಂದ ನೋಡಿದರೆ ಮಲೆನಾಡಿನಲ್ಲಿ ಮಳೆ ಬಂದಾಗ ಅಂಗಳದ ಅಡಿಕೆಗೆ ಹೊದಿಸುತ್ತಾರಲ್ಲ, ಆ ನೀಲಿ ಪ್ಲಾಸ್ಟಿಕ್ ಟಾರ್ಪಾಲು, ಸೊಂಟದಿಂದ ಹಿಮ್ಮಡಿಯವರೆಗೆ, ಕಟ್ಟೋ ತೂತುಗಳ ಸಮೇತ. ಹಿಂದಿನ ಸಾಲಿನವರು ಕತ್ತಿ ಊರಿಕೊಂಡು ನಗುತ್ತಿದ್ದರು. ನನಗೆ ಯಾಕೆ ಅಂತ ಗೊತ್ತಿಲ್ಲ, ನಾನೂ ನಗುತ್ತಿದ್ದೆ.

ಹಿರಿಯರು ಬಂದರು. ಹಿಂದೆ ಹೋದರು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬಾಗಿಲ ಪರದೆ ಸರಿಸುವ ಹಾಗೆ ಟಾರ್ಪಾಲನ್ನು ಒಂದು ಪಕ್ಕಕ್ಕೆ ಸರಿಸಿ, ಒಳಗಿನ ಪ್ಲಾಡನ್ನು ಬೆರಳಲ್ಲಿ ಹಿಡಿದು, ಬಗ್ಗಿ ನೋಡಿ ಹೇಳಿದರು, ‘ಇದು ಮೆಷಿನ್ ಹೊಲಿಗೆ.’

ಬಿಚ್ಚಿ ಮತ್ತೆ ಕೈಯಲ್ಲಿ ಹೊಲಿಯುವ ಕೆಲಸ ಹೀಗೆ ಗಂಟು ಬಿತ್ತು. ಅಮ್ಮನಿಗೆ ವಿಡಿಯೋ ಕಾಲ್ ಮಾಡಿದಾಗ ಮಡಿಲ ತುಂಬ ಬಟ್ಟೆ ನೋಡಿ, ‘ಏನೋ ಅದು, ಸೀರೆನಾ?’ ಅಂದಳು. ಹದಿನೆಂಟು ಮೊಳ ಅಂದೆ. ಅಜ್ಜಿಯ ನೆನಪಾಯಿತು ಅಂತ ಕಾಣುತ್ತೆ, ಇಬ್ಬರೂ ಸ್ವಲ್ಪ ಸುಮ್ಮನಾದೆವು. ಅಜ್ಜಿ ನೆಲದ ಮೇಲೆ ಮಲಗುತ್ತಿರಲಿಲ್ಲ, ಕನ್ನಡಿಯೂ ಬೇಕಿರಲಿಲ್ಲ. ಬಚ್ಚಲಮನೆಯ ಕತ್ತಲಲ್ಲಿ ನಿಂತು, ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು, ಒಲೆ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಕಚ್ಚೆ ಹಾಕಿ ಬಂದುಬಿಡುತ್ತಿದ್ದಳು. ಅಮ್ಮನಿಗೆ ಬರುವುದಿಲ್ಲ. ನಮ್ಮ ಅತ್ತೆ ಹಬ್ಬಕ್ಕೆ ತರುವುದು ಹುಕ್ಕು ಹಾಕಿದ ರೆಡಿಮೇಡ್ ಕಚ್ಚೆ ಸೀರೆ. ಇಲ್ಲಿ ಕಲೋಡನ್ ಆದ ಮೇಲೆ ಹೈಲ್ಯಾಂಡ್ ಉಡುಪಿಗೆ ನಿಷೇಧವಿತ್ತು, ಉಟ್ಟರೆ ಜೈಲು, 1782ರಲ್ಲಿ ಅದನ್ನು ತೆಗೆಯುವ ಹೊತ್ತಿಗೆ ಸಾಮಾನ್ಯ ಜನ ಪ್ಯಾಂಟಿಗೆ ಒಗ್ಗಿಹೋಗಿದ್ದರು. ನಮ್ಮ ಮನೆಯಲ್ಲಿ ಯಾವ ಕಾನೂನೂ ಇರಲಿಲ್ಲ. ಅಜ್ಜಿ ಉಡುವುದನ್ನು ಯಾರೂ ನಿಂತು ನೋಡಲಿಲ್ಲ, ಅಷ್ಟೇ.

ಅಷ್ಟರಲ್ಲಿ ಅಮ್ಮ ಫೋನಿಗೆ ಮುಖ ತಂದು ಕಣ್ಣು ಕಿರಿದು ಮಾಡಿದಳು. ‘ಅದ್ಯಾವ ದಾರನೋ ಹಾಕ್ತಿರೋದು? ಮಿಂಚ್ತಾ ಇದೆ. ಪಾಲಿಯೆಸ್ಟರ್ ಕಣೋ ಅದು. ಒಂದು ತುಂಡು ಬೆಂಕಿಗೆ ಹಿಡಿ, ಕರಗಿ ಗಂಟಾದ್ರೆ ಪಾಲಿಯೆಸ್ಟರ್.’

ಆಗಲೇ ಎರಡು ಮೊಳ ಕೈಯಲ್ಲಿ ಹೊಲಿದು ಮುಗಿಸಿದ್ದೆ. ಅಡುಗೆಮನೆಗೆ ಹೋಗಿ ಒಲೆ ಹಚ್ಚಿ ಹಿಡಿದೆ.

ಗಂಟಾಯಿತು.